ಡಬ್ಬಿ ತೂಕ ಕಳೆದು

ಗುಳಿಗೆ ತನುಜಾಳ ಪರ್ಸಿನಲ್ಲಿತ್ತು. ಬಿಂದಿ ಪ್ಯಾಕೆಟ್ಟಿಗೂ ಪೆಟ್ರೋಲ್ ಬಂಕಿನ ಚೀಟಿಗೂ ನಡುವೆ, ತನಗೂ ಈ ಮನೆಯ ಮದುವೆಗೂ ಸಂಬಂಧವೇ ಇಲ್ಲವೆಂಬಂತೆ, ಬೆಳ್ಳಿ ಕಾಗದದೊಳಗೆ ತೆಪ್ಪಗೆ ಕೂತಿತ್ತು. ಬೆಳಿಗ್ಗೆ ಹೊಸನಗರದ ಮನೆಯಲ್ಲಿ ತಿಂಡಿಯಾದ ಮೇಲೆ ಅಪ್ಪಯ್ಯ, ನೀರಿನ ಗುಳಿಗೆ ಎಲ್ಲಿ ಮಗಾ ಎಂದು ಕೇಳಿದಾಗ ಅವಳು ಕಾರಿನ ಕೀ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿ, ಬಂದಮೇಲೆ ತೆಗೆದುಕೊಂಡರಾಯಿತು ಎಂದಿದ್ದಳು. ನಿನ್ನೆಯೂ ಅದನ್ನೇ ಅಂದಿದ್ದಳು, ಮೊನ್ನೆಯೂ. ಪ್ರಯಾಣವಿದ್ದ ದಿನ ಕೆಲವು ಗಂಟೆ ತಡ ಮಾಡಿ ಕೊಡಬಹುದು, ಆದರೆ ತಪ್ಪಿಸಬಾರದು ಎಂದು ಆಸ್ಪತ್ರೆಯ ನರ್ಸು ಹೇಳಿದ್ದಳಲ್ಲ, ಆ ಮಾತಿನ ಮೊದಲರ್ಧವನ್ನು ತನುಜಾ ಬಹಳ ಜತನದಿಂದ ನೆನಪಿಟ್ಟುಕೊಂಡಿದ್ದಳು. ಸಂಜೆ ಮನೆಗೆ ಬಂದರೆ ಅಪ್ಪಯ್ಯನೇ, ಈಗ ನುಂಗಿದರೆ ರಾತ್ರಿಯಿಡೀ ಬಚ್ಚಲಿಗೆ ಓಡಬೇಕು, ಬೆಳಿಗ್ಗೆ ನೋಡುವ ಎನ್ನುತ್ತಿದ್ದ. ಬೆಳಿಗ್ಗೆಯಾದರೆ ಮತ್ತೆ ಪ್ರಯಾಣ. ಹೀಗೆ ಆ ಮನೆಯಲ್ಲಿ ಗುಳಿಗೆ ಬಿಟ್ಟವರು ಯಾರೂ ಇರಲಿಲ್ಲ; ಎಲ್ಲರೂ ಮುಂದಕ್ಕೆ ಹಾಕಿದವರೇ.

ಈಗ ಕಾರು ನಗರ ಎಂಬ ಊರನ್ನು ದಾಟಿ ಮಾಸ್ತಿಕಟ್ಟೆಯ ಕಡೆಗೆ ಹೊರಟಿತ್ತು. ಪಕ್ಕದ ಸೀಟಿನಲ್ಲಿ ಅಪ್ಪಯ್ಯ ಶೇಷಪ್ಪ, ಹಿಂದೆ ಕುಂಕುಮದ ಭರಣಿ ಮತ್ತು ಲಗ್ನಪತ್ರಿಕೆಯ ಚೀಲ ಅಪ್ಪಿಕೊಂಡ ಅಮ್ಮ ಜಲಜಮ್ಮ. ತಂಗಿ ಭವ್ಯಾಳ ಮದುವೆ. ಹಿರಿಯ ಮಗಳಾದ ತನುಜಾ ಸಾಗರದ ಗಂಡನ ಮನೆಯಿಂದ ಕಾರು ತಂದು ಸಾರಥಿಯಾಗಿದ್ದಳು. ಕಿಟಕಿಯ ಗಾಜು ಇಳಿದಿದ್ದರೂ ಅಪ್ಪಯ್ಯ ಗಾಳಿ ಸಾಲದವನಂತೆ ಮುಂದಕ್ಕೆ ಬಾಗಿ, ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಕೈಯೂರಿ ಕೂತಿದ್ದ. ಸೀಟು ಹಿಂದಕ್ಕೆ ಮಾಡಿ ಒರಗಿಕೊಳ್ಳಿ ಎಂದರೆ, ಒರಗಿದರೆ ರಸ್ತೆ ಕಾಣುವುದಿಲ್ಲ ಅಂದ. ಅವನಿಗೆ ರಸ್ತೆ ಕಾಣಬೇಕಾದ ಅಗತ್ಯವೇನೂ ಇರಲಿಲ್ಲ. ರಾತ್ರಿ ಮೂರು ದಿಂಬು ಪೇರಿಸಿಕೊಂಡು, ಅದೂ ಸಾಲದೆ ಗೋಡೆಗೆ ಆತು ಕೂತೇ ಬೆಳಗು ಮಾಡಿದವನು ಅವನು. ಅದನ್ನು ಅಮ್ಮ, ನಿಮ್ಮಪ್ಪಯ್ಯನಿಗೆ ಮದುವೆಯ ಖುಷಿಗೆ ನಿದ್ದೆಯೇ ಬರುವುದಿಲ್ಲ ಎಂದು ಅನುವಾದಿಸಿದ್ದಳು.

ಬೆಳಿಗ್ಗೆಯ ತೂಕವೂ ಹಾಗೆಯೇ ಅನುವಾದಗೊಂಡಿತ್ತು. ಶೇಷಪ್ಪನದು ಮನೆಗೆ ತಾಗಿದ ಹಿಟ್ಟಿನ ಗಿರಣಿ. ಡಬ್ಬಿಯಲ್ಲಿ ಅಕ್ಕಿಯನ್ನೋ ರಾಗಿಯನ್ನೋ ತಂದವರಿಗೆ ಡಬ್ಬಿಯ ತೂಕ ಕಳೆದೇ ಲೆಕ್ಕ ಹೇಳುವ ಮನುಷ್ಯ ಎಂದು ಊರಿನಲ್ಲಿ ಹೆಸರು. ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಿ, ಎರಡು ಮೂರು ದಿನದೊಳಗೆ ಎರಡು ಕಿಲೋ ಏರಿತೆಂದರೆ ಅದು ಮೈಗೆ ಹತ್ತಿದ ಅನ್ನವಲ್ಲ, ಒಳಗೆ ನಿಂತ ನೀರು, ಕೂಡಲೇ ಫೋನ್ ಮಾಡಿ ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ಇಡೀ ಕುಟುಂಬಕ್ಕೆ ಹೆಮ್ಮೆಯಾಗಿತ್ತು, ತೂಕದ ಯಂತ್ರ ನಮ್ಮ ಮನೆಯಲ್ಲೇ ಇದೆಯಲ್ಲ ಎಂದು. ಯಂತ್ರವೇನೋ ಇತ್ತು. ಅದರ ಮೇಲೆ ಹತ್ತುವವನು ಗಿರಣಿಯವನು ಎಂಬುದನ್ನು ಡಾಕ್ಟರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೊನ್ನೆ ತೂಕ ಏರಿದ್ದಕ್ಕೆ ಅಪ್ಪಯ್ಯ ಹೊಸ ಪಂಚೆಯ ಗಂಜಿಯನ್ನು ಕಳೆದ. ನಿನ್ನೆಯದಕ್ಕೆ ಮೊಬೈಲು ಮತ್ತು ಬೀಗದ ಕೈ ಗೊಂಚಲು ಕಳೆದ. ಇವತ್ತು ಲಗ್ನಪತ್ರಿಕೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಹತ್ತಿದ್ದ, ಕಳೆಯುವುದಕ್ಕೆ ಏನಾದರೂ ಇರಲಿ ಎಂದು. ಎಲ್ಲ ಡಬ್ಬಿ ತೂಕ ಕಳೆದು ನೋಡಿದರೆ ಅವನು ಹೋದ ತಿಂಗಳಿಗಿಂತ ತೆಳ್ಳಗಾಗಿದ್ದ. ತನುಜಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಚಪ್ಪಲಿಯ ಪಟ್ಟಿ ಅವನ ಪಾದದೊಳಕ್ಕೆ ಹೂತುಹೋಗಿದ್ದು ಕಾಣುತ್ತಿತ್ತು. ಚಪ್ಪಲಿಯ ತೂಕವೂ ಇದೆ ಅಪ್ಪಯ್ಯ ಎಂದಳು. ಅಂದದ್ದು ತಮಾಷೆಗೋ ಸಹಾಯಕ್ಕೋ ಅವಳಿಗೇ ಗೊತ್ತಾಗಲಿಲ್ಲ. ಅವನು ಖುಷಿಯಿಂದ ಅದನ್ನೂ ಕಳೆದುಕೊಂಡ.

ಕಾಯಿಲೆಗೆ ಮನೆಯಲ್ಲಿ ಇಟ್ಟ ಹೆಸರು ಗ್ಯಾಸ್ಟ್ರಿಕ್. ಅದು ಮರ್ಯಾದಸ್ಥರ ಕಾಯಿಲೆ. ಯಾರ ಮನೆಯ ಜಗಲಿಯಲ್ಲೂ ಹೇಳಿಕೊಳ್ಳಬಹುದು. ಕೇಳಿದವರು ತಮ್ಮದನ್ನೂ ಹೇಳಿ ಜೀರಿಗೆ ಕಷಾಯ ಕೊಡುತ್ತಾರೆ. ಆಸ್ಪತ್ರೆಯವರು ಹೇಳಿದ ಹೆಸರಿನಲ್ಲಿ ಆ ಸೌಜನ್ಯ ಇರಲಿಲ್ಲ. ಹಾರ್ಟ್ ಫೇಲ್ಯೂರ್. ಅಪ್ಪಯ್ಯ ಅಲ್ಲೇ ವಾದ ಹೂಡಿದ್ದ, ಹಾರ್ಟು ಫೇಲಾದರೆ ಮನುಷ್ಯ ಸಾಯುತ್ತಾನೆ, ನಾನು ನಿಮ್ಮ ಎದುರು ಕೂತು ಮಾತಾಡುತ್ತಿದ್ದೇನಲ್ಲ ಎಂದು. ಡಾಕ್ಟರು ನಕ್ಕು, ನಿಂತುಹೋಗುವುದಲ್ಲ ಯಜಮಾನರೇ, ಸೋತುಹೋಗುವುದು. ನಿಮ್ಮ ಗಿರಣಿಯ ಮೋಟರು ಓಡುತ್ತಿದ್ದರೂ ಬೆಲ್ಟು ಸಡಿಲವಾದರೆ ಹಿಟ್ಟು ಹಿಂದೆಯೇ ನಿಲ್ಲುವುದಿಲ್ಲವೇ, ಹಾಗೆ ನೀರು ಹಿಂದೆ ನಿಂತು ಕಾಲಿಗಿಳಿಯುತ್ತದೆ, ಶ್ವಾಸಕೋಶಕ್ಕೇರುತ್ತದೆ ಎಂದು ವಿವರಿಸಿದ್ದರು. ಉಪ್ಪು ಕಡಿಮೆ, ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಬೇಡ, ಗುಳಿಗೆ ತಪ್ಪಿಸಬೇಡಿ, ಹೀಗೆ ನಡೆದುಕೊಂಡರೆ ಮೊಮ್ಮಕ್ಕಳ ಮದುವೆಯನ್ನೂ ನೋಡಬಹುದು ಎಂದಿದ್ದರು. ಹೊರಗೆ ಬಂದ ಅಮ್ಮ ಮೊದಲು ಆಡಿದ ಮಾತು ಮೊಮ್ಮಕ್ಕಳದ್ದಲ್ಲ, ಮಗಳದ್ದು. 'ಭವ್ಯನ ಮದ್ವೆ ಮುಗಿಯೋವರೆಗೆ ಇದು ನಮ್ಮ ಮೂರು ಜನರ ಬಾಯಲ್ಲೇ ಇರ್ಲಿ. ಹಾರ್ಟಿನ ಮನೆತನ ಅಂತ ಗೊತ್ತಾದ್ರೆ ಆ ಹೇಮಾವತಿ ಸುಮ್ನಿರ್ತಾಳಾ?'

ಹೇಮಾವತಿ ಎಂದರೆ ಮದುಮಗ ತೀರ್ಥೇಶನ ತಾಯಿ, ಭವ್ಯಾಳ ಅತ್ತೆಯಾಗಲಿರುವವಳು. ಅವಳ ಹೆಸರು ನೆನಪಾದರೆ ತನುಜಾಳಿಗೆ ಈಗ ಒಂದು ಬಿಳಿ ಗಾದಿ ನೆನಪಾಗುತ್ತದೆ. ಹೋದ ವಾರ ಸಾಗರದ ಅಂಗಡಿಯಲ್ಲಿ ಎರಡೂ ಕಡೆಯವರು ಕೂತು ಜವಳಿ ತೆಗೆಯುತ್ತಿದ್ದರು. ಬೆಳಿಗ್ಗೆ ನೀರಿನ ಗುಳಿಗೆ ನುಂಗಿದ್ದ ಅಪ್ಪಯ್ಯ ಮಗ್ಗುಲು ಬದಲಿಸುತ್ತ, ಏಳುತ್ತ, ಬೀಗರು ಏನೋ ಕೇಳಿದ್ದಕ್ಕೆ ಮತ್ತೆ ಕೂರುತ್ತ ಇದ್ದ. ಮೂರನೇ ಸಲ ಏಳಹೊರಟಾಗ ಹೇಮಾವತಿ ಒಂದು ಧಾರೆ ಸೀರೆಯನ್ನು ಅವನ ಮುಂದೆಯೇ ಹರಡಿ, 'ಬೀಗ್ರೆ, ನೀವು ಹೇಳಿದ್ದೇ ಆಗ್ಲಿ' ಅಂದಳು. ಮನೆ ಯಜಮಾನನಿಗೆ ಮರ್ಯಾದೆ ಕೊಟ್ಟದ್ದು. ಮರ್ಯಾದೆ ತೆಗೆದುಕೊಳ್ಳಲು ಅಪ್ಪಯ್ಯ ಕೂತೇ ಇದ್ದ, ಇದು ಚೆನ್ನಾಗಿದೆ, ಅದೂ ಚೆನ್ನಾಗಿದೆ ಎನ್ನುತ್ತ, ಆಗುವುದು ಆಗಿಹೋಗುವವರೆಗೂ ಕೂತಿದ್ದ. ಬಿಳಿ ಗಾದಿಯ ಮೇಲೆ ಕಲೆ ಹರಡುವುದನ್ನು ನೋಡಿದ ತನುಜಾ ತನ್ನ ಕೈಯಲ್ಲಿದ್ದ ನೀರಿನ ಲೋಟವನ್ನು ಬೇಕೆಂದೇ ಅದರ ಮೇಲೆ ಕೆಡವಿದಳು. ಅಯ್ಯೋ ಅಪ್ಪಯ್ಯನ ಪಂಚೆ ನೆನೆಯಿತು ಎಂದಳು. ಅಂಗಡಿಯವರು ಬಟ್ಟೆ ತಂದು ಒರೆಸಿದರು. ಎಲ್ಲರೂ ಅವಳ ಕೈ ಜಾರಿದ್ದಕ್ಕೆ ನಕ್ಕರು, ಹೇಮಾವತಿಯೊಬ್ಬಳನ್ನು ಬಿಟ್ಟು. ಅವಳು ಲೋಟವನ್ನು ನೋಡಿದಳು, ಗಾದಿಯನ್ನು ನೋಡಿದಳು, ಸೀರೆ ಮಡಿಸಿಟ್ಟಳು. ಆ ನೋಟಕ್ಕೆ ಅಂಜಿಯೇ ಗುಳಿಗೆ ಪರ್ಸು ಸೇರಿದ್ದು. ಅಪ್ಪಯ್ಯನ ಮಾನ ಉಳಿಸಲಿಕ್ಕೆ ಎಂದು ತನುಜಾ ತನಗೆ ತಾನೇ ಹೇಳಿಕೊಂಡಳು. ಗಾದಿಯ ಮೇಲೆ ನೀರು ಚೆಲ್ಲಿದಷ್ಟೇ ಸಲೀಸಾಗಿ.

ಕರೆಯುವ ಶಾಸ್ತ್ರ ಶುರುವಾದದ್ದು ಮೊನ್ನೆ, ಸಿಗಂದೂರಿನಿಂದ. ಮೊದಲ ಪತ್ರಿಕೆ ದೇವಿಗೆ. ಈಗ ಸೇತುವೆಯಾಗಿರುವುದರಿಂದ ಹಿನ್ನೀರು ದಾಟಲು ಲಾಂಚಿಗೆ ಕಾಯುವ ಕೆಲಸವಿಲ್ಲ, ಒಂದು ದಿನಕ್ಕೆ ಇನ್ನೂ ಹೆಚ್ಚು ಮನೆ ಮುಗಿಸಬಹುದು ಎಂದು ಅಪ್ಪಯ್ಯ ಹಿಗ್ಗಿದ್ದ. ದೇವಸ್ಥಾನದಲ್ಲಿ ತೀರ್ಥ ಕೊಟ್ಟರು, ಅದನ್ನು ಬೇಡ ಎನ್ನಲಾಗುತ್ತದೆಯೇ. ಅಲ್ಲಿಂದಾಚೆಗೆ ಮನೆ ಮನೆ. ಬಿಸಿಲಲ್ಲಿ ಬಂದವರಿಗೆ ಆಸರಿಗೆ ಕುಡಿಯಲು ಏನಾದರೂ ಕೊಡದೆ ಪತ್ರಿಕೆ ಮುಟ್ಟುವ ಮನೆ ಈ ಸೀಮೆಯಲ್ಲಿಲ್ಲ. ಕೊಟ್ಟದ್ದನ್ನು ಕುಡಿಯದೆ ಎದ್ದರೆ ಕರೆದದ್ದೇ ಅಲ್ಲ. ಒಂದು ಮನೆಯಲ್ಲಿ ಬೆಲ್ಲ ನೀರು, ಇನ್ನೊಂದರಲ್ಲಿ ಮುರುಗಲು ಶರಬತ್ತು, ಮತ್ತೊಂದರಲ್ಲಿ ಉಪ್ಪು ಮುಂದಾದ ಮಜ್ಜಿಗೆ, ಮಾವಿನಕಾಯಿಯ ಅಪ್ಪೆಹುಳಿ, ಎಳನೀರು, ಕಾಫಿ. ಸಾಗರದ ಕಡೆಯ ಒಂದು ಮನೆಯಲ್ಲಿ, ನೀರು ಜಾಸ್ತಿ ಕುಡಿಯುವ ಹಾಗಿಲ್ಲ ಎಂದು ತನುಜಾ ಮೆಲ್ಲಗೆ ಹೇಳಿದ್ದಕ್ಕೆ ಆ ಮನೆಯವರು ಅರ್ಥ ಮಾಡಿಕೊಂಡು, ಅಯ್ಯೋ ಹಾಗಾದರೆ ನೀರು ಬೇಡ ಎಂದು ಹಾಲು ತಂದಿಟ್ಟರು. ಅಪ್ಪಯ್ಯ ಎಲ್ಲ ಕಡೆಯೂ ಲೋಟವನ್ನು ಎತ್ತಿ, ಬಾಯಿಗೆ ತಾಗಿಸದೆ ಗಟಗಟ ಕುಡಿದು, ಖಾಲಿ ಲೋಟವನ್ನು ಬೋರಲಿಟ್ಟು ತೋರಿಸುತ್ತಿದ್ದ. ತನುಜಾ ಸುಮ್ಮನೆ ಕೂತು ಅವನ ಗಂಟಲ ಗಂಟು ಏರಿಳಿಯುವುದನ್ನು ನೋಡುತ್ತಿದ್ದಳು.

ಅಜ್ಜಿ ಕೆರಿಯಮ್ಮ ಹೇಳುತ್ತಿದ್ದ ಒಂದು ಕಥೆಯಿತ್ತು. ಬೇಡ ಅನ್ನುವ ಮಾತು ಬಾರದ ಒಬ್ಬ ರಾಜ. ಹುಟ್ಟುವಾಗಲೇ ಯಾರೋ ಆ ಒಂದು ಮಾತನ್ನು ಅವನ ನಾಲಗೆಯಿಂದ ಕದ್ದಿದ್ದರು. ಪ್ರಜೆಗಳು ಪ್ರೀತಿಯಿಂದ ಕೊಡ ಕೊಡ ನೀರು ತಂದು ಕೊಟ್ಟರು, ಅವನು ಕುಡಿದ. ಪಾದ ಉಬ್ಬಿ ಮೆಟ್ಟಿಲಾದವು, ಹೊಟ್ಟೆ ಉಬ್ಬಿ ಕೆರೆಯಾಯಿತು, ಕಡೆಗೆ ಊರಿನವರು ರಾಜನನ್ನೇ ಮರೆತು ಆ ಕೆರೆಗೆ ಬಾಗಿನ ಬಿಟ್ಟು ಬಂದರು. ಆಮೇಲೆ ರಾಜ ಏನಾದ ಅಜ್ಜಿ ಎಂದು ಕೇಳಿದರೆ ಒಂದೊಂದು ದಿನ ಒಂದೊಂದು ಉತ್ತರ. ರಾಜನ ಮಗಳೊಬ್ಬಳು ಕದ್ದ ಮಾತನ್ನು ಹುಡುಕಿಕೊಂಡು ಹೋದಳು ಎಂಬುದು ತನುಜಾಳಿಗೆ ಅತ್ಯಂತ ಇಷ್ಟವಾದ ಉತ್ತರ. ಎಷ್ಟೋ ರಾತ್ರಿ ಅವಳು ಆ ರಾಜಕುಮಾರಿಯಾಗಿ ಏಳು ಕಾಡು ದಾಟಿದ್ದಳು. ಕದ್ದವಳು ಮಗಳೇ ಇರಬಹುದು, ಪರ್ಸಿನಲ್ಲಿ ಇಟ್ಟುಕೊಂಡಿರಬಹುದು ಎಂದು ಅಜ್ಜಿ ಯಾವ ದಿನವೂ ಹೇಳಿರಲಿಲ್ಲ.

ಮಾಸ್ತಿಕಟ್ಟೆಯಲ್ಲಿ ಅಪ್ಪಯ್ಯನ ಹಳೆಯ ಸ್ನೇಹಿತ ಜಟ್ಟಪ್ಪನ ಮನೆ. ರಸ್ತೆಯಿಂದ ಅಂಗಳಕ್ಕೆ ಹತ್ತಿಪ್ಪತ್ತು ಮೆಟ್ಟಿಲು. ಅಪ್ಪಯ್ಯ ನಾಲ್ಕು ಮೆಟ್ಟಿಲು ಹತ್ತಿ ನಿಂತು, ಅಣೆಕಟ್ಟಿನ ಕಡೆಯ ಗುಡ್ಡಗಳನ್ನು ಬಹಳ ಆಸಕ್ತಿಯಿಂದ ನೋಡಿದ. ಮತ್ತೆ ಮೂರು ಹತ್ತಿ ಮತ್ತೆ ನೋಡಿದ. ಗುಡ್ಡಗಳಲ್ಲಿ ಅಷ್ಟು ನೋಡುವಂಥದ್ದು ಏನೂ ಇರಲಿಲ್ಲ. ಜಟ್ಟಪ್ಪ ಮೇಲಿನಿಂದ, 'ಎಂತದೋ ಶೇಷಪ್ಪ, ಮಗಳ ಮದ್ವೆಗೆ ಕರಿಯೋಕೆ ಬಂದ್ಯೋ, ಸರ್ವೆ ಮಾಡೋಕೆ ಬಂದ್ಯೋ?' ಎಂದು ಕೂಗಿದ. ಎಲ್ಲರೂ ನಕ್ಕರು. ನಗು ಮುಗಿಸುವಷ್ಟು ಉಸಿರು ಅಪ್ಪಯ್ಯನಲ್ಲಿರಲಿಲ್ಲ, ಅರ್ಧದಲ್ಲೇ ಕೆಮ್ಮಾಯಿತು. ಜಗಲಿಯಲ್ಲಿ ಕೂತಾಗ ತನುಜಾ ಏನೋ ಬಿದ್ದದ್ದನ್ನು ಹೆಕ್ಕುವವಳಂತೆ ಬಗ್ಗಿ ಅವನ ಪಾದದ ಮೇಲೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು, ಹಿಟ್ಟಿನ ಮುದ್ದೆಯಲ್ಲಿ ಉಳಿದ ಹಾಗೆ. ಅಷ್ಟರಲ್ಲಿ ಮಜ್ಜಿಗೆ ಬಂತು. ಅಪ್ಪಯ್ಯ ಲೋಟ ಬೋರಲಿಟ್ಟು ತೋರಿಸಿದ.

ಅಲ್ಲಿಂದ ಹೊರಟು ಯಡೂರು ಹತ್ತಿರ ಫೋನಿಗೆ ಸಿಗ್ನಲ್ ಸಿಕ್ಕಿದ್ದೇ ತನುಜಾ ಕಾರು ನಿಲ್ಲಿಸಿ, ಕೆಳಗಿಳಿದು, ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದಳು. ಎಷ್ಟು ದಿನದಿಂದ ಗುಳಿಗೆ ಇಲ್ಲ ಎಂದು ನರ್ಸು ಕೇಳಿದಳು. ತನುಜಾ ಹೇಳಿದಳು. ಆ ಕಡೆ ಬೈಗುಳ ಬರಲಿಲ್ಲ, ಅದೇ ಕಷ್ಟವಾಯಿತು. ಈಗಲೇ ಗುಳಿಗೆ ಕೊಡಿ, ಮಲಗಿಸಬೇಡಿ, ಎಲ್ಲೂ ನಿಲ್ಲದೆ ಸೀದಾ ತೀರ್ಥಹಳ್ಳಿಯ ಆಸ್ಪತ್ರೆಗೆ ಹೋಗಿ, ಶ್ವಾಸಕೋಶಕ್ಕೆ ನೀರು ಏರುತ್ತಿರಬಹುದು, ಇದು ನಾಳೆಗೆ ಇಡುವ ಕೆಲಸವಲ್ಲ ಎಂದಷ್ಟೇ ಹೇಳಿದಳು. ತನುಜಾ ಕಾರಿನೊಳಗೆ ಬಂದು ಪರ್ಸು ತೆರೆದು ಗುಳಿಗೆ ಹೊರತೆಗೆದಳು. ಅದು ಅವಳ ಹತ್ತಿರವೇ ಇತ್ತೆಂಬುದಕ್ಕೆ ಅಪ್ಪಯ್ಯನಿಗೆ ಆಶ್ಚರ್ಯವಾಗಲಿಲ್ಲ. ಅವನು ಅವಳ ಅಂಗೈಯನ್ನು ಮೆಲ್ಲಗೆ ಮುಚ್ಚಿದ.

'ಬೀಗರ ಮನೆ ಒಂದು... ಮುಗ್ಸಿಬಿಡಾಣ. ಈಗ ನುಂಗಿದ್ರೆ... ಅವ್ರ ಮನೇಲಿ ಬಚ್ಚಲು ಕೇಳ್ಲಾ?'

ಕೇಳಿದರೇನಾಗುತ್ತದೆ ಎಂದು ಅವಳು ರೇಗಿದಳು. ಹಿಂದಿನಿಂದ ಅಮ್ಮ, ಐದು ನಿಮಿಷದ ಕೆಲಸ, ಹೇಗೂ ದಾರಿಯಲ್ಲೇ ಇದೆಯಲ್ಲ, ಬಾಗಿಲವರೆಗೆ ಬಂದು ಬೀಗರನ್ನೇ ಕರೆಯದೆ ಹೋದರೆ ಆಡಿಕೊಳ್ಳುವುದಿಲ್ಲವಾ ಎಂದಳು. ಅಪ್ಪಯ್ಯ ತಲೆಯಾಡಿಸಿದ. ಅವನು ಅವಳತ್ತ ನೋಡಿದ ಬಗೆಯಲ್ಲಿ ಗಾದಿಯ ಸಂಗತಿ ಪೂರ್ತಿ ಇತ್ತು. ಲೋಟದ ನೀರು ಯಾಕೆ ಚೆಲ್ಲಿತೆಂದು ಅವನಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೇ ಮೂರು ದಿನ, ಗುಳಿಗೆ ಎಲ್ಲಿ ಎಂದು ಒಂದೊಂದೇ ಸಲ ಕೇಳಿ ಸುಮ್ಮನಾಗಿದ್ದ. ಅಂದರೆ ಅವಳು ಬಚ್ಚಿಟ್ಟದ್ದನ್ನು ಅವನು ಬಚ್ಚಿಡಗೊಟ್ಟಿದ್ದ. ಎಂಥ ಅನ್ಯೋನ್ಯ ಕುಟುಂಬ ಎಂದುಕೊಂಡು ತನುಜಾ ಗೇರು ಹಾಕಿದಳು.

ಬೀಗರ ಮನೆ ತೀರ್ಥಹಳ್ಳಿಗೆ ಇನ್ನೂ ಅರ್ಧ ಗಂಟೆಯ ದಾರಿ ಇರುವಾಗಲೇ ಸಿಗುತ್ತದೆ. ಹೊಸ ಟೈಲ್ಸ್ ಹಾಕಿದ ಹಾಲ್, ದೊಡ್ಡ ಸೋಫಾ. ಹೇಮಾವತಿಯ ಗಂಡ ಶಿವಮೂರ್ತಿ ಮಡಿಸಿದ ಪೇಪರನ್ನು ಬದಿಗಿಟ್ಟು ಎದ್ದು ಬಂದ. ಅಮ್ಮ ಕುಂಕುಮ ಕೊಟ್ಟಳು. ಬೀಗರಿಗೆಂದು ತಂದ ಜರಿಯಂಚಿನ ಶಾಲನ್ನು ತಟ್ಟೆಯಲ್ಲಿಟ್ಟಳು. ಇನ್ನು ಅಪ್ಪಯ್ಯ ಎದ್ದುನಿಂತು ಪತ್ರಿಕೆ ಕೊಟ್ಟು ಕರೆಯಬೇಕು. ಅವನು ನಿಂತ. 'ತಾವು... ಸಕುಟುಂಬ ಸಮೇತ...' ಎಂದ. ಅಲ್ಲಿಗೆ ನಿಲ್ಲಿಸಿ ಉಸಿರು ತೆಗೆದುಕೊಂಡ. ಬೀಗರು ವಿನಯದಿಂದ ಕಾದರು. 'ಸಮೇತ... ಬಂದು...' ಮತ್ತೆ ನಿಂತಿತು. ಊರೂರಲ್ಲಿ ಆಡಿ ಸವೆದ ಆ ವಾಕ್ಯ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಹುದಾದದ್ದು, ಈಗ ಎದುರಿಗೆ ಘಾಟಿಯ ಹಾಗೆ ನಿಂತಿತ್ತು. ಅವನು ಒಂದೊಂದೇ ತಿರುವು ಹತ್ತಿ ನಿಲ್ಲುತ್ತಿದ್ದ. ಅವನ ಎದೆಯೊಳಗೆ ಸಣ್ಣಗೆ ನೊರೆಯೊಡೆಯುವಂಥ ಸದ್ದು ತನುಜಾಳಿಗೆ ಕೇಳಿಸಿತು. ತುಟಿಯ ಬಣ್ಣ ಸರಿಯಿರಲಿಲ್ಲ. ಅಷ್ಟರಲ್ಲಿ ಹೇಮಾವತಿ ಒಳಗಿನಿಂದ ಶರಬತ್ತಿನ ಟ್ರೇ ತಂದು, ದೊಡ್ಡ ಸ್ಟೀಲಿನ ಲೋಟವನ್ನೇ ಆರಿಸಿ ಅವನ ಕೈಗೆ ಕೊಟ್ಟಳು. 'ಮೊದ್ಲು ಆಸರಿಗೆ ಕುಡೀರಿ ಬೀಗ್ರೆ. ಮಾತು ಎಲ್ಲಿಗೂ ಹೋಗಲ್ಲ.' ವಾಕ್ಯವನ್ನು ಮುಗಿಸಬೇಕಾಗಿಲ್ಲವೆಂಬ ಕೃತಜ್ಞತೆಯಿಂದ ಅಪ್ಪಯ್ಯ ಲೋಟ ಎತ್ತಿದ.

'ಅವ್ರಿಗೆ ಕೊಡ್ಬೇಡಿ,' ಎಂದಳು ತನುಜಾ. ಧ್ವನಿ ಬೇಕಾದದ್ದಕ್ಕಿಂತ ಜೋರಾಗಿತ್ತು. 'ಅಪ್ಪಯ್ಯಂಗೆ ಗ್ಯಾಸ್ಟ್ರಿಕ್ ಅಲ್ಲ. ಹಾರ್ಟ್ ಫೇಲ್ಯೂರ್. ನೀರು ಒಳಗೇ ನಿಲ್ತದೆ. ನೀರು ಇಳಿಸೋ ಗುಳಿಗೆ ನಾನೇ ಮೂರು ದಿನ ಕೊಟ್ಟಿಲ್ಲ. ಈಗ ಆಸ್ಪತ್ರೆಗೆ ಹೋಗ್ಬೇಕು.'

ಅಮ್ಮ ಕುಂಕುಮದ ಭರಣಿಯ ಮುಚ್ಚಳವನ್ನು ಹಾಕಿದಳು, ತೆಗೆದಳು, ಹಾಕಿದಳು. ಅಪ್ಪಯ್ಯ ಲೋಟವನ್ನು ತುಟಿಯ ಹತ್ತಿರವೇ ಹಿಡಿದು, ಕುಡಿಯಲೂ ಆರದೆ ಇಡಲೂ ಆರದೆ, ಅದರಾಚೆಗೆ ಮಗಳನ್ನು ನೋಡುತ್ತಿದ್ದ. ಹೇಮಾವತಿ ಒಮ್ಮೆ ಅವನನ್ನು, ಒಮ್ಮೆ ಲೋಟವನ್ನು ನೋಡಿ, ಬಹಳ ಮೃದುವಾಗಿ ಹೇಳಿದಳು: 'ಹಾಗಾದ್ರೆ ಅರ್ಧ ಆದ್ರೂ ಕುಡೀರಿ. ಬರಿ ಬಾಯಲ್ಲಿ ಹೋಗ್ಬಾರ್ದು.'

ತನುಜಾ ಲೋಟವನ್ನು ಅವನ ಕೈಯಿಂದ ಕಿತ್ತುಕೊಂಡಳು. ಅದರಲ್ಲಿ ಒಂದೇ ಒಂದು ಗುಟುಕು ಬಾಯಿಗೆ ಹನಿಸಿ, ಗುಳಿಗೆ ನುಂಗಿಸಿ, ಉಳಿದದ್ದನ್ನು ತಾನೇ ಕುಡಿದು ಲೋಟ ಬೋರಲಿಟ್ಟಳು. ಶಾಸ್ತ್ರ ಮುಗಿಯಿತು. ಶಿವಮೂರ್ತಿ ಕೆಮ್ಮಿ, ಇದು ಯಾಕೆ ಬರುತ್ತದೆ ಎಂದು ಕೇಳಿದ. ಪಾಪ, ಬೀಗರ ಆರೋಗ್ಯದ ಕಾಳಜಿ. ಹೇಮಾವತಿ ಅಷ್ಟು ಸುತ್ತಿ ಬಳಸಲಿಲ್ಲ: 'ಇದು ಭವ್ಯಂಗೂ ಬರ್ತದಾ?'

'ಬಿಪಿ ಇತ್ತು,' ಎಂದಳು ತನುಜಾ, ಅಪ್ಪಯ್ಯನ ರಟ್ಟೆ ಹಿಡಿದು ಎಬ್ಬಿಸುತ್ತ. 'ಆರಾಮಿದೀನಿ ಅಂತ ವರ್ಷಗಟ್ಲೆ ಗುಳಿಗೆ ಬಿಟ್ಟಿದ್ರು. ಅದಕ್ಕೆ ಬಂತು ಅಂದ್ರು ಡಾಕ್ಟ್ರು. ಬಿಪಿ ನೋಡ್ಕೊಂಡಿದ್ರೆ ಇಷ್ಟಾಗ್ತಿರ್ಲಿಲ್ವಂತೆ.'

ಹೇಮಾವತಿ ನಿಧಾನವಾಗಿ ಗಂಡನ ಕಡೆಗೆ ತಿರುಗಿದಳು. ಶಿವಮೂರ್ತಿ ಮಡಿಸಿಟ್ಟಿದ್ದ ಪೇಪರನ್ನು ಮತ್ತೆ ಬಿಡಿಸಿ ಮುಖಕ್ಕೆ ಹಿಡಿದ. ಯುಗಾದಿಯಿಂದ ನಿಮ್ಮ ಗುಳಿಗೆಯ ಚೀಟಿ ಫ್ರಿಜ್ಜಿನ ಮೇಲೆ ಹಾಗೆಯೇ ಬಿದ್ದಿದೆಯಲ್ಲ ಎಂದು ಅವಳು ಪೇಪರಿಗೆ ಹೇಳಿದಳು. ಪೇಪರು, ನಾನು ಆರಾಮಿದ್ದೇನಲ್ಲ ಎಂದಿತು.

ಕಾರಿನ ಹಿಂದಿನ ಬಾಗಿಲು ತೆಗೆದು ಹೇಮಾವತಿಯೂ ಹತ್ತಿ ಕೂತಳು. ಬೇಡ, ನಿಮಗ್ಯಾಕೆ ತೊಂದರೆ ಎಂದು ಅಮ್ಮ ಎಷ್ಟು ಹೇಳಿದರೂ, ಆಸ್ಪತ್ರೆಯಲ್ಲಿ ಓಡಾಡಲಿಕ್ಕೆ ಜನ ಬೇಕು ಎಂದಳು. ಸಹಾಯಕ್ಕೆ ಬಂದಳೋ ಡಾಕ್ಟರ ಬಾಯಿಂದ ಕಾಯಿಲೆಯ ಪೂರ್ತಿ ಹೆಸರು ಕೇಳಲು ಬಂದಳೋ ಕನ್ನಡಿಯಲ್ಲಿ ಕಂಡ ಮುಖದಿಂದ ತಿಳಿಯುವಂತಿರಲಿಲ್ಲ. ಅವಸರದಲ್ಲಿ ತಟ್ಟೆಯ ಶಾಲನ್ನೂ ಮಡಿಲಲ್ಲಿ ಹಿಡಿದುಕೊಂಡೇ ಬಂದಿದ್ದಳು. ಅಮ್ಮನ ಕಣ್ಣು ತನುಜಾಳ ಬೆನ್ನನ್ನು ಸುಡುತ್ತಿತ್ತು. ಮದುವೆ ಮುರಿದರೆ ಮನೆಯಲ್ಲಿ ಇನ್ನು ತನ್ನ ಹೆಸರು ಹೇಗೆ ಉಚ್ಚಾರವಾಗುತ್ತದೆಂದು ಅವಳು ಆಲಿಸಿಕೊಂಡಳು. ಭವ್ಯಾ ಜೀವಮಾನವಿಡೀ, ನನ್ನಕ್ಕ ಒಂದು ಲೋಟ ಶರಬತ್ತಿಗೆ ನನ್ನ ಮದುವೆ ಕುಡಿದಳು ಎನ್ನುತ್ತಾಳೆ. ಅಪ್ಪಯ್ಯ ಡ್ಯಾಶ್‌ಬೋರ್ಡಿಗೆ ಕೈಯೂರಿ ಉಸಿರನ್ನು ಎಣಿಸಿ ಎಣಿಸಿ ಖರ್ಚು ಮಾಡುತ್ತಿದ್ದ. ತೀರ್ಥಹಳ್ಳಿಯ ಮೊದಲ ಮನೆಗಳು ಕಾಣಲು ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಅವನು ಮಗ್ಗುಲು ಬದಲಿಸಿದ. ಆ ಚಡಪಡಿಕೆ ತನುಜಾಳಿಗೆ ಗೊತ್ತಿತ್ತು, ಅದಕ್ಕಾಗಿಯೇ ಮೂರು ದಿನ ಹೆದರಿದ್ದಳು, ಈಗ ಅದಕ್ಕಾಗಿಯೇ ದೇವಿಗೆ ಹರಕೆ ಹೊತ್ತುಕೊಂಡವಳಂತೆ ಕಾಯುತ್ತಿದ್ದಳು.

'ನಿಲ್ಸು,' ಎಂದ ಅಪ್ಪಯ್ಯ.

ಅಲ್ಲಿ ಪೊದೆಯಿರಲಿಲ್ಲ. ಒಂದು ಕಡೆ ಗುಡ್ಡ ಕಡಿದ ಬೋಳು ದರೆ, ಒಂದು ಕಡೆ ಮೋರಿಯ ಕಟ್ಟೆ, ನಡುವೆ ವಾಹನ ಓಡಾಡುವ ರಸ್ತೆ. ಅವನು ಕಾರಿನ ಬಾಗಿಲು ಹಿಡಿದು ಇಳಿದು, ದರೆಗೆ ಮುಖ ಮಾಡಿ ನಿಂತು, ಸುತ್ತ ನೋಡಿದ. ದೂರದಿಂದ ಬಸ್ಸು ಬರುವ ಸದ್ದಾಯಿತು. ತನುಜಾ ಕೆಳಗಿಳಿಯುವಷ್ಟರಲ್ಲಿ ಹೇಮಾವತಿ ಇಳಿದು ಶಾಲಿನ ಒಂದು ತುದಿಯನ್ನು ಅಮ್ಮನ ಕೈಗೆ ತುರುಕಿದ್ದಳು. 'ಹಿಡೀರಿ. ಆ ಕಡೆ ಎಳೀರಿ. ಬಸ್ಸು ಬಂತು.' ಅಮ್ಮ ಎಳೆದಳು. ಜರಿಯಂಚಿನ ಶಾಲು ಅಪ್ಪಯ್ಯನಿಗೂ ರಸ್ತೆಗೂ ನಡುವೆ ನಿಂತಿತು. ಬೀಗಿತ್ತಿಯರಿಬ್ಬರೂ ಎರಡು ತುದಿ ಹಿಡಿದು, ಮುಖವನ್ನು ರಸ್ತೆಯ ಕಡೆ ತಿರುಗಿಸಿ, ಧಾರೆಯ ಹೊತ್ತಿನಲ್ಲಿ ಅಂತರಪಟ ಹಿಡಿದವರ ಗಾಂಭೀರ್ಯದಲ್ಲಿ ನಿಂತರು. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಹೊರಳಿದವು. ತನುಜಾಳ ಕೈ ತನಗೆ ತಾನೇ ಮುಷ್ಟಿಯಾಯಿತು, ಅದರಲ್ಲಿ ಅಕ್ಷತೆಯೊಂದು ಇಲ್ಲ ಅಷ್ಟೇ.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು.

ಹೇಮಾವತಿ ಹೋಗುವ ಬಸ್ಸನ್ನೇ ನೋಡುತ್ತ ಅಮ್ಮನನ್ನು ಕೇಳಿದಳು: 'ಮದ್ವೆಗೆ ಪಾಯ್ಸ ಎಂತದು ಮಾಡ್ಸ್ತಿದೀರಿ?'

ಅಮ್ಮನ ಕಣ್ಣಲ್ಲಿ ಬ್ಯಾಡ ಬ್ಯಾಡವೆಂದರೂ ನೀರು ಬಂತು. 'ಕಡ್ಲೆಬೇಳೆದು,' ಎಂದಳು. 'ನಿಮ್ಮ ಕಡೆಯೋರಿಗೆ ಆಗ್ತದಲ್ಲ?'

'ಆಗ್ತದೆ, ಆಗ್ತದೆ.'

ಶಾಲಿನ ಹಿಂದಿನಿಂದ ಅಪ್ಪಯ್ಯನ ಧ್ವನಿ ಬಂತು, ತುಂಡು ತುಂಡಾಗಿ. 'ಪಾಯ್ಸಕ್ಕೆ... ಉಪ್ಪಿಲ್ಲ. ಅದನ್ನ... ನಾನು ತಿನ್ಬಹುದು.'

'ನೀರಿನ ಲೆಕ್ಕಕ್ಕೆ ಸೇರ್ತದೆ ಅಪ್ಪಯ್ಯ,' ಎಂದಳು ತನುಜಾ. 'ಡಬ್ಬಿ ತೂಕ ಅಂತ ಕಳಿಯೋಕಾಗಲ್ಲ.'

ಅವನ ನಾಲಗೆ ತಡಕಾಡಿತು. ಆ ಒಂದು ಮಾತು ಎಲ್ಲಿಟ್ಟಿದ್ದೇನೆಂದು ಬಾಯೊಳಗೆಲ್ಲ ಹುಡುಕುವವನ ಹಾಗೆ.

'ಹಾಗಾದ್ರೆ ಬ್ಯಾಡ,' ಎಂದ.

ಹೇಮಾವತಿ ಶಾಲನ್ನು ಇನ್ನಷ್ಟು ಮೇಲೆತ್ತಿ ಹಿಡಿದು, 'ಒಂದ್ ಸೌಟು ಆದ್ರೂ ತಿನ್ನಿ ಬೀಗ್ರೆ,' ಎಂದಳು. ಶಾಲಿನ ಹಿಂದೆ ನೀರು ಹೋಗುವ ಸದ್ದು ಇನ್ನೂ ನಿಂತಿರಲಿಲ್ಲ.